ಮಾಗಿದ ಗಾಯದ ಉರಿ

ಕಳೆದ ವರ್ಷ ಯುಗಾದಿ ಮುಗಿದ ಮೇಲೆ ಅವ್ವನಿಗೆ ಸರ್ಪಸುತ್ತು ಆಯಿತು. ಬಲಪಕ್ಕೆಯಿಂದ ಬೆನ್ನಿನವರೆಗೆ ಒಂದು ಪಟ್ಟಿ ಎಳೆದ ಹಾಗೆ ನೀರುಗುಳ್ಳೆ. ಹೆಡೆ ಬಾಲ ಕೂಡಿದರೆ ಆಳು ಉಳಿಯೋದಿಲ್ಲ ಅಂತ ನಮ್ಮ ಕಡೆ ಒಂದು ನಂಬಿಕೆ ಇದೆ. ಅದಕ್ಕೆ ಓಣಿಯವರು ದಿನಾ ಬಂದು, ಎಲ್ಲಿಯವರೆಗೆ ಬಂತು ಅಂತ ನೋಡಿ ಹೋಗುತ್ತಿದ್ದರಂತೆ. ಕೆಮ್ಮಣ್ಣು ಹಚ್ಚಿದ್ದಾಯಿತು, ಡಾಕ್ಟರ ಮಾತ್ರೆ ನುಂಗಿದ್ದೂ ಆಯಿತು. ಮೂರು ವಾರಕ್ಕೆ ಗುಳ್ಳೆ ಒಣಗಿ, ಹಕ್ಕಳೆ ಉದುರಿ, ಕಂದು ಕಲೆ ಉಳಿಯಿತು.

ಕಲೆಯ ಜೊತೆಗೆ ಉರಿಯೂ ಉಳಿಯಿತು.

ಒಂದು ರಾತ್ರಿ ಅವ್ವ ಫೋನ್ ಮಾಡಿದಳು. "ಸೀರಿ ಸೆರಗು ತಾಕಿದ್ರೂ ಮೆಣಸಿನಪುಡಿ ಸವರಿದಂಗ ಆಗತೈತಿ ತಮ್ಮಾ. ಮಲಗಾಕ ಆಗವಲ್ದು." ನನಗೆ ಅವತ್ತು ರಿಲೀಸ್. ಒಂದು ಕಿವಿಯಲ್ಲಿ ಕಾಲ್, ಇನ್ನೊಂದರಲ್ಲಿ ಅವ್ವ. "ಗಾಯ ಒಣಗೈತಲ್ಲ ಬೇ, ಇನ್ನೇನ್ ಉರೀತೈತಿ? ಮನಸಿಗೆ ಹಚ್ಕೋಬ್ಯಾಡ, ಸುಮ್ನ ಮಕ್ಕೋ" ಅಂದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಇರಬೌದು ಬಿಡು" ಅಂದಳು. ಆಮೇಲೆ ತಿಂಗಳುಗಟ್ಟಲೆ ಫೋನಿನಲ್ಲಿ ಉರಿಯ ಮಾತೇ ಬರಲಿಲ್ಲ. ನಾನು ಕಡಿಮೆಯಾಗಿದೆ ಅಂದುಕೊಂಡೆ.

ಸಾಫ್ಟ್‌ವೇರ್‌ನಲ್ಲಿ ಇರುವವರಿಗೆ ಈ ಕಥೆ ಗೊತ್ತು. ಕಸ್ಟಮರ್ ಬಗ್ ಹಾಕುತ್ತಾನೆ. ನಮ್ಮ ಮಷೀನಿನಲ್ಲಿ ಅದು ಕಾಣಿಸೋದಿಲ್ಲ. 'ನಮ್ಮಲ್ಲಿ ಬರುತ್ತಿಲ್ಲ' ಅಂತ ಬರೆದು ಟಿಕೆಟ್ ಮುಚ್ಚುತ್ತೇವೆ. ಅವನು ಮತ್ತೆ ಹಾಕುವುದಿಲ್ಲ. ಬಗ್ ಹೋಯಿತು ಅಂತ ನಾವು ನಂಬುತ್ತೇವೆ. ಹೋಗಿರುವುದು ಅವನಿಗೆ ನಮ್ಮ ಮೇಲಿದ್ದ ನಂಬಿಕೆ.

ದಸರೆಗೆ ಊರಿಗೆ ಹೋದಾಗ ನೋಡಿದೆ. ಅವ್ವ ಎಡಮಗ್ಗುಲಿಗೆ ಮಾತ್ರ ಮಲಗುತ್ತಿದ್ದಳು. ಬಲಪಕ್ಕೆಯ ಮೇಲೆ ಒದ್ದೆ ಟವೆಲ್. ಮರುದಿನವೇ ಹುಬ್ಬಳ್ಳಿಗೆ ಕರೆದುಕೊಂಡು ಹೋದೆ. ಡಾಕ್ಟರು ಎರಡೇ ಪ್ರಶ್ನೆ ಕೇಳಿ, "ಇದು ನರದ ನೋವು, ಸರ್ಪಸುತ್ತು ಆದವರಲ್ಲಿ ಕೆಲವರಿಗೆ ಹೀಗೆ ಉಳಿದುಬಿಡುತ್ತೆ" ಅಂದರು. ಒಂದು ಮಾತ್ರೆ, ಒಂದು ಮುಲಾಮು ಬರೆದುಕೊಟ್ಟರು. ಬಸ್ಸಿನಲ್ಲಿ ಟ್ಯೂಬಿನ ಮೇಲಿನ ಹೆಸರು ಓದಿದೆ: ಕ್ಯಾಪ್ಸೈಸಿನ್.

"ಏನ್ ಔಷಧ ಅದು?"

"ಮೆಣಸಿನಕಾಯಿ ಬೇ."

ಅವ್ವ ನಕ್ಕಿದ್ದು ನೋಡಿ ಮುಂದಿನ ಸೀಟಿನವರು ತಿರುಗಿದರು. ನಗದೆ ಏನು ಮಾಡ್ತಾಳೆ? ನಮ್ಮೂರು ಬ್ಯಾಡಗಿಯ ಹತ್ತಿರ. ಬ್ಯಾಡಗಿ ಮೆಣಸಿನಕಾಯಿಗೆ ಖಾರ ಕಡಿಮೆ, ಬಣ್ಣ ಜಾಸ್ತಿ. 2011ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆಯೂ ಸಿಕ್ಕಿದೆ. ಆ ಕಾಯಿಯ ರಾಶಿಯ ಮುಂದೆ ಕೂತು ತೊಟ್ಟು ಬಿಡಿಸುವ ಕೆಲಸವನ್ನು ಅವ್ವ ಮೂವತ್ತು ವರ್ಷ ಮಾಡಿದ್ದಾಳೆ. ನನ್ನ ಇಂಜಿನಿಯರಿಂಗ್ ಫೀಸಿನಲ್ಲಿ ಆ ಕಿಲೋ ಲೆಕ್ಕದ ಕೂಲಿಯೂ ಇದೆ. ಖಾರ ಕಡಿಮೆ ಅಂದರೂ ದಿನವಿಡೀ ಬಿಡಿಸಿದರೆ ಕೈ ಉರಿಯುತ್ತದೆ. ರಾತ್ರಿ ಕೊಬ್ಬರಿ ಎಣ್ಣೆ ಹಚ್ಚಿಕೊಂಡು ಮಲಗುತ್ತಿದ್ದಳು. ಈಗ ಅದೇ ಉರಿಯನ್ನು ಟ್ಯೂಬಿನಲ್ಲಿ ದುಡ್ಡು ಕೊಟ್ಟು ತಂದಿದ್ದೆವು.

ಉರಿಗೆ ಉರಿಯೇ ಔಷಧ ಹೇಗಾಗುತ್ತೆ? ಮಾಗಿದ ಚರ್ಮ ಯಾಕೆ ಉರಿಯುತ್ತೆ? ಬೆಂಗಳೂರಿಗೆ ವಾಪಸ್ ಬಂದ ಮೇಲೆ ಓದಲು ಕೂತೆ. ಓದುತ್ತಾ ಹೋದರೆ ಅದು ನೂರು ವರ್ಷಕ್ಕೂ ಹಿಂದಕ್ಕೆ ಹೋಯಿತು. ಬಹುಪಾಲು ಕಥೆ ತಪ್ಪು ಹೆಸರುಗಳು, ತಪ್ಪು ಊಹೆಗಳದ್ದು. ಅದಕ್ಕೇ ಹೇಳಬೇಕು ಅನ್ನಿಸಿತು.

* * *

ಇಪ್ಪತ್ತನೇ ಶತಮಾನ ಶುರುವಾಗುವ ಹೊತ್ತಿಗೆ ನರದಲ್ಲಿ ವಿದ್ಯುತ್ ಸಂಕೇತ ಹರಿಯುತ್ತದೆ ಅನ್ನೋದು ವಿಜ್ಞಾನಿಗಳಿಗೆ ಗೊತ್ತಿತ್ತು. ಗೊತ್ತಿಲ್ಲದೆ ಇದ್ದದ್ದು ಸಂದಿಯ ವಿಷಯ. ಒಂದು ನರಕೋಶ ಮುಗಿದು ಇನ್ನೊಂದು ಶುರುವಾಗುವ ಕಡೆ ಏನಾಗುತ್ತೆ? ಕಿಡಿ ಹಾರುತ್ತಾ, ಇಲ್ಲಾ ಯಾವುದೋ ರಸಾಯನಿಕ ಸುರಿಯುತ್ತಾ? ಈ ಜಗಳಕ್ಕೆ ಆಮೇಲೆ ಕಿಡಿಯವರು ಮತ್ತು ಸಾರಿನವರು ಅಂತಲೇ ಹೆಸರು ಬಿತ್ತು. ಹೌದು, ನಾವು ಅನ್ನಕ್ಕೆ ಹಾಕಿಕೊಳ್ಳುವ ಸಾರೇ.

ಸಾರಿನವರನ್ನು ಗೆಲ್ಲಿಸಿದ್ದು ಎರಡು ಕಪ್ಪೆ. 1921ರಲ್ಲಿ ಆಸ್ಟ್ರಿಯಾದ ಗ್ರಾಟ್ಸ್‌ನಲ್ಲಿದ್ದ ಒಟ್ಟೋ ಲೋವಿಗೆ ಈ ಪ್ರಯೋಗ ಕನಸಿನಲ್ಲಿ ಹೊಳೆಯಿತಂತೆ. ಅರ್ಧರಾತ್ರಿ ಎದ್ದು ಚೀಟಿಯಲ್ಲಿ ಗೀಚಿಟ್ಟು ಮಲಗಿದ. ಬೆಳಿಗ್ಗೆ ತನ್ನ ಅಕ್ಷರ ತನಗೇ ಓದಲಾಗಲಿಲ್ಲ. ಮರುರಾತ್ರಿ ಅದೇ ಕನಸು ಮತ್ತೆ ಬಂದಾಗ ಬರೆಯುವ ಗೊಡವೆಗೆ ಹೋಗದೆ ನೇರ ಲ್ಯಾಬಿಗೆ ಓಡಿದ. ಉಪ್ಪುನೀರಿನಲ್ಲಿ ಬಡಿಯುತ್ತಿರುವ ಕಪ್ಪೆಯ ಹೃದಯ. ಅದರ ವೇಗಸ್ ನರಕ್ಕೆ ವಿದ್ಯುತ್ ಕೊಟ್ಟ, ಬಡಿತ ನಿಧಾನವಾಯಿತು. ಆ ನೀರನ್ನು ತೆಗೆದು ಇನ್ನೊಂದು ಹೃದಯಕ್ಕೆ ಹಾಕಿದ. ಅದರ ನರವನ್ನು ಯಾರೂ ಮುಟ್ಟಿರಲಿಲ್ಲ. ಅದೂ ನಿಧಾನವಾಯಿತು. ಅಂದರೆ ಮೊದಲ ಹೃದಯದ ನರ ನೀರಿಗೆ ಏನನ್ನೋ ಬಿಟ್ಟಿತ್ತು. ಅದು ಅಸಿಟೈಲ್‌ಕೋಲಿನ್ ಅನ್ನೋದು ಮುಂದೆ ಖಚಿತವಾಯಿತು. ಲಂಡನ್ನಿನ ಹೆನ್ರಿ ಡೇಲ್ ಈ ರಸಾಯನಿಕದ ಗುಣಗಳನ್ನು 1914ರಲ್ಲೇ ಬರೆದಿಟ್ಟಿದ್ದ. 1936ರಲ್ಲಿ ಇಬ್ಬರಿಗೂ ನೊಬೆಲ್ ಬಂತು.

ಆದರೆ ಇದೆಲ್ಲಾ ಹೊರಹೋಗುವ ನರಗಳ ಕಥೆ. ಹೃದಯಕ್ಕೆ 'ನಿಧಾನ' ಅನ್ನುವುದು, ಸ್ನಾಯುವಿಗೆ 'ಎಳಿ' ಅನ್ನುವುದು. ನಮ್ಮ ಅವ್ವನ ವಿಷಯ ಉಲ್ಟಾ. ಅದು ಚರ್ಮದಿಂದ ಒಳಗೆ ಬರುವ ಸುದ್ದಿ. ಈ ಸುದ್ದಿ ತರುವ ಸಂವೇದನಾ ನರಕೋಶದ ಆಕಾರವೇ ವಿಚಿತ್ರ. ಕೋಶದ ಒಡಲು ಬೆನ್ನುಹುರಿಯ ಪಕ್ಕದ ಒಂದು ಸಣ್ಣ ಗಂಟಿನಲ್ಲಿ ಕೂತಿರುತ್ತದೆ. ಅಲ್ಲಿಂದ ಒಂದು ಎಳೆ ಚರ್ಮದವರೆಗೆ, ಇನ್ನೊಂದು ಎಳೆ ಬೆನ್ನುಹುರಿಯ ಒಳಕ್ಕೆ. ಒಂದೇ ಕೋಶ, ಎರಡು ತುದಿ. ಸಂಚಾರ ಒಂದೇ ದಿಕ್ಕಿಗೆ, ಹೊರಗಿನಿಂದ ಒಳಗೆ.

ಆದರೆ 1901ರಲ್ಲಿ ಲಂಡನ್ನಿನ ವಿಲಿಯಂ ಬೇಲಿಸ್ ಒಂದು ತರಲೆ ಕೆಲಸ ಮಾಡಿದ್ದ. ನಾಯಿಯ ಬೆನ್ನುಹುರಿಗೆ ಸುದ್ದಿ ತರುವ ಬೇರನ್ನು ಕತ್ತರಿಸಿ, ಕಾಲಿನ ಕಡೆಗೆ ವಿದ್ಯುತ್ ಕೊಟ್ಟ. ಒನ್ ವೇ ರಸ್ತೆಯಲ್ಲಿ ಎದುರು ಗಾಡಿ ಓಡಿಸಿದ ಹಾಗೆ. ಏನೂ ಆಗಬಾರದಿತ್ತು. ಆದರೆ ಕಾಲಿನ ರಕ್ತನಾಳಗಳು ಅಗಲವಾದವು. ಅಂದರೆ ಸುದ್ದಿ ತರುವ ನರ ಚರ್ಮದ ತುದಿಯಲ್ಲಿ ಏನನ್ನೋ ಉಗುಳುತ್ತದೆ.

1935ರಲ್ಲಿ ಪ್ರಕಟವಾದ ಒಂದು ಉಪನ್ಯಾಸದಲ್ಲಿ ಡೇಲ್ ಇದನ್ನು ಹಿಡಿದುಕೊಂಡ. ಒಂದೇ ಕೋಶದ ಎರಡು ತುದಿ. ಚರ್ಮದ ತುದಿಯಲ್ಲಿ ಯಾವ ರಸಾಯನಿಕ ಬಿಡುತ್ತದೋ, ಬೆನ್ನುಹುರಿಯ ತುದಿಯಲ್ಲೂ ಅದನ್ನೇ ಬಿಡುತ್ತಿರಬೇಕು. ಚರ್ಮದಲ್ಲಿ ಅದನ್ನು ಗುರುತಿಸಿದರೆ ನೋವಿನ ಟಪಾಲು ಯಾರು ಅನ್ನೋದು ಗೊತ್ತಾಗುತ್ತೆ. ಎಷ್ಟು ಅಚ್ಚುಕಟ್ಟಾದ ತರ್ಕ ನೋಡಿ.

ತಮಾಷೆ ಅಂದರೆ ಆ ರಸಾಯನಿಕ ಡೇಲ್‌ನ ಸಂಸ್ಥೆಯಲ್ಲೇ ಬಾಟಲಿಯಲ್ಲಿತ್ತು. 1931ರಲ್ಲಿ 26 ವರ್ಷದ ಸ್ವೀಡನ್ ಹುಡುಗ ಉಲ್ಫ್ ಫಾನ್ ಆಯ್ಲರ್ ಅಲ್ಲಿದ್ದ. ಜಾನ್ ಗ್ಯಾಡಮ್ ಜೊತೆ ಸೇರಿ ಕುದುರೆಯ ಮಿದುಳು, ಕರುಳುಗಳ ಸಾರ ತೆಗೆದು ಅದರಲ್ಲಿ ಅಸಿಟೈಲ್‌ಕೋಲಿನ್ ಹುಡುಕುತ್ತಿದ್ದ. ಸಾರ ಹಾಕಿದರೆ ಮೊಲದ ಕರುಳಿನ ತುಂಡು ಕುಗ್ಗಿತು. ಸರಿ, ಅಸಿಟೈಲ್‌ಕೋಲಿನ್ನೇ ಇರಬೇಕು ಅಂತ ಅದನ್ನು ತಡೆಯುವ ಅಟ್ರೋಪಿನ್ ಹಾಕಿದರು. ಆದರೂ ಕರುಳು ಕುಗ್ಗುತ್ತಲೇ ಇತ್ತು. ಇದು ಬೇರೆಯದೇ. ಪ್ರಯೋಗದ ದಾಖಲೆಯಲ್ಲಿ ಆ ಸಾರದ ಪುಡಿಗೆ 'ಪಿ' ಅಂತ ಗುರುತು ಹಾಕಿದ್ದರು. ಪೌಡರ್‌ನ 'ಪಿ', ಪ್ರಿಪರೇಷನ್‌ನ 'ಪಿ'. ಅದೇ ಹೆಸರಾಗಿ ಉಳಿಯಿತು: ಸಬ್‌ಸ್ಟೆನ್ಸ್ ಪಿ. ಆತುರಕ್ಕೆ ಇಟ್ಟ ವೇರಿಯಬಲ್ ಹೆಸರು ಪ್ರೊಡಕ್ಷನ್‌ಗೆ ಹೋದ ಹಾಗೆ. ಮುಂದೆ ಬಂದ ಎಷ್ಟೋ ಜನ ಇದನ್ನು ಪೇನ್‌ನ 'ಪಿ' ಅಂದುಕೊಂಡರು. ಹೆಸರು ಕೂಡ ದಾರಿ ತಪ್ಪಿಸಬಲ್ಲದು.

1953ರಲ್ಲಿ ಆಸ್ಟ್ರಿಯಾದ ಫ್ರೆಡ್ ಲೆಂಬೆಕ್ ಬೆನ್ನುಹುರಿಯ ಬೇರುಗಳನ್ನು ಹೋಲಿಸಿ ನೋಡಿದ. ಸುದ್ದಿ ತರುವ ಹಿಂಬದಿಯ ಬೇರಿನಲ್ಲಿ ಈ ಪಿ ತುಂಬಾ ಜಾಸ್ತಿ, ಆಜ್ಞೆ ಒಯ್ಯುವ ಮುಂಬದಿಯ ಬೇರಿನಲ್ಲಿ ತೀರಾ ಕಡಿಮೆ. ಡೇಲ್ ಹೇಳಿದ ಟಪಾಲು ಇದೇ ಅಂತ ಸೂಚಿಸಿದ. ಆದರೆ ಶುದ್ಧವಾದ ಪಿ ಯಾರ ಕೈಯಲ್ಲೂ ಇರಲಿಲ್ಲ. ಅದು ಸಿಕ್ಕಿದ್ದು ಹುಡುಕದೇ ಇದ್ದವರಿಗೆ. ಅಮೆರಿಕದ ಬ್ರಾಂಡೈಸ್ ವಿಶ್ವವಿದ್ಯಾಲಯದಲ್ಲಿ ಸೂಸನ್ ಲೀಮನ್ ದನದ ಮಿದುಳಿನ ಸಾರದಲ್ಲಿ ಬೇರೊಂದು ಹಾರ್ಮೋನಿನ ಬೆನ್ನು ಹತ್ತಿದ್ದರು. ಒಂದು ಅಂಶವನ್ನು ಇಲಿಗೆ ಚುಚ್ಚಿದರೆ ಅದು ಜೊಲ್ಲು ಸುರಿಸತೊಡಗಿತು. ಬೇಡ ಅಂತ ಬಿಸಾಡಬಹುದಿತ್ತು. ಲೀಮನ್ ಅದನ್ನೇ ಹಿಂಬಾಲಿಸಿದರು. 1970-71ರಲ್ಲಿ, ತಮ್ಮ ಜೊತೆಗಾರ ಮೈಕೆಲ್ ಚಾಂಗ್ ಜೊತೆ ಅದನ್ನು ಶುದ್ಧ ಮಾಡಿ ರಚನೆಯನ್ನೂ ಬಿಡಿಸಿದರು. 11 ಅಮೈನೋ ಆಮ್ಲಗಳ ಸಣ್ಣ ಸರಪಳಿ. ಅದೇ ಸಬ್‌ಸ್ಟೆನ್ಸ್ ಪಿ. ನಲವತ್ತು ವರ್ಷ ಬೇಕಾಯಿತು.

ರಚನೆ ಗೊತ್ತಾದ ಮೇಲೆ ಕೆಲಸ ಓಡಿತು. 1976ರಲ್ಲಿ ಟೋಕಿಯೋದ ಒತ್ಸುಕಾ ಮತ್ತು ಕೊನಿಶಿ, ಹುಟ್ಟಿದ ಇಲಿಮರಿಯ ಬೆನ್ನುಹುರಿಯಿಂದ ಪಿ ಬಿಡುಗಡೆಯಾಗುವುದನ್ನು ತೋರಿಸಿದರು. ಅದೇ ವರ್ಷ ಜೇಮ್ಸ್ ಹೆನ್ರಿ, ಬೆಕ್ಕಿನ ಬೆನ್ನುಹುರಿಯಲ್ಲಿ ನೋವಿಗೆ ಸ್ಪಂದಿಸುವ ಕೋಶಗಳನ್ನು ಪಿ ಕೆರಳಿಸುತ್ತದೆ ಅಂತ ಬರೆದ. ಅದರ ಪರಿಣಾಮ ನಿಧಾನವಾಗಿ ಏರುತ್ತಿತ್ತು, ಏರಿದ ಮೇಲೆ ಬೇಗ ಇಳಿಯುತ್ತಿರಲಿಲ್ಲ. ನೋವಿನ ಸ್ವಭಾವ ಗೊತ್ತಿದ್ದವರಿಗೆ ಇದು ಪರಿಚಿತ ನಡೆ.

* * *

ಇದು ಒಳತುದಿಯ ಕಥೆ. ಹೊರತುದಿಯಲ್ಲಿ, ಚರ್ಮದಲ್ಲಿ ಏನಾಗುತ್ತೆ? ಅದನ್ನು ಕಂಡುಹಿಡಿದವರ ತಾಳ್ಮೆಗೆ ಕೈ ಮುಗಿಯಬೇಕು.

1950ರ ದಶಕದಲ್ಲಿ ಲಂಡನ್ನಿನ ಮಿಡ್ಲ್‌ಸೆಕ್ಸ್ ಆಸ್ಪತ್ರೆಯಲ್ಲಿ ಸಿರಿಲ್ ಕೀಲ್ ಮತ್ತು ಡಿಸೈರೀ ಆರ್ಮ್‌ಸ್ಟ್ರಾಂಗ್ ಮನುಷ್ಯರ ಮುಂಗೈ ಮೇಲೆ ಬೇಕಂತಲೇ ಗುಳ್ಳೆ ಎಬ್ಬಿಸುತ್ತಿದ್ದರು. ಒಂದು ಬಗೆಯ ಜೀರುಂಡೆಯಿಂದ ಸಿಗುವ ಕ್ಯಾಂಥರಿಡಿನ್ ಹಚ್ಚಿದರೆ ಗುಳ್ಳೆ ಏಳುತ್ತದೆ. ಮೇಲಿನ ಪೊರೆ ಕತ್ತರಿಸಿ ತೆಗೆದರೆ ತಳದಲ್ಲಿ ಹಸಿ ಚರ್ಮ, ಅದರಲ್ಲಿ ನರದ ತುದಿಗಳು. ಅದರ ಮೇಲೆ ಒಂದೊಂದೇ ದ್ರಾವಣ ಹಾಕಿ, ಎಷ್ಟು ನೋವು ಅಂತ ಆ ವ್ಯಕ್ತಿಯಿಂದಲೇ ದಾಖಲಿಸಿಕೊಳ್ಳುತ್ತಿದ್ದರು.

ಅಸಿಟೈಲ್‌ಕೋಲಿನ್ ಹಾಕಿದರೆ ನೋವು. ಮಿದುಳಿನ ರಸಾಯನಿಕ ಅಂತ ನಾವೆಲ್ಲಾ ಕೇಳಿರುವ ಸಿರೊಟೋನಿನ್ ಹಾಕಿದರೂ ನೋವು. ಹಿಸ್ಟಮಿನ್ ಸ್ವಲ್ಪ ಹಾಕಿದರೆ ತುರಿಕೆ, ಜಾಸ್ತಿ ಹಾಕಿದರೆ ನೋವು. ಎಲ್ಲಕ್ಕಿಂತ ವಿಚಿತ್ರ ಅಂದರೆ, ನಮ್ಮದೇ ರಕ್ತದ ಪ್ಲಾಸ್ಮಾ ಗಾಜಿಗೆ ತಾಗಿದ ಮೇಲೆ ನೋವು ತರುವ ವಸ್ತುವಾಗುತ್ತಿತ್ತು. ಅದರಲ್ಲಿ ಹುಟ್ಟುತ್ತಿದ್ದದ್ದು ಬ್ರಾಡಿಕೈನಿನ್ ಜಾತಿಯ ರಸಾಯನಿಕ. ಬ್ರಾಡಿಕೈನಿನ್ ಅನ್ನು ಬ್ರೆಜಿಲ್‌ನ ಮೌರೀಸಿಯೋ ರೋಚಾ ಇ ಸಿಲ್ವಾ ಮತ್ತು ಜೊತೆಗಾರರು ಅದಾಗಲೇ ಕಂಡುಕೊಂಡಿದ್ದರು. ಅವರಿಗೆ ಅದು ಸಿಕ್ಕಿದ್ದು ಒಂದು ಹಾವಿನ ವಿಷ ರಕ್ತಕ್ಕೆ ಏನು ಮಾಡುತ್ತೆ ಅಂತ ನೋಡುವಾಗ. ವಿಷದೊಳಗೆ ಅದು ಇರಲಿಲ್ಲ. ವಿಷ ತಾಗಿದಾಗ ರಕ್ತವೇ ಅದನ್ನು ತಯಾರಿಸುತ್ತಿತ್ತು. ಅವ್ವನ ಮೈಮೇಲೆ ಸರ್ಪದ ಹೆಸರಿನ ರೋಗ ಇದ್ದಾಗ ಇದನ್ನು ಓದಿ ಸ್ವಲ್ಪ ಹೊತ್ತು ಹಾಗೇ ಕೂತಿದ್ದೆ.

ಈ ಗುಟ್ಟು ಗಿಡಗಳಿಗೆ, ಹುಳುಗಳಿಗೆ ನಮಗಿಂತ ಮೊದಲೇ ಗೊತ್ತಿತ್ತು. ಯೂರೋಪಿನ ಒಂದು ಜಾತಿಯ ತುರಚಿ ಗಿಡದ ಮುಳ್ಳುಗೂದಲಿನಲ್ಲಿ ಅಸಿಟೈಲ್‌ಕೋಲಿನ್ ಮತ್ತು ಹಿಸ್ಟಮಿನ್ ಇರುವುದನ್ನು 1947ರಲ್ಲಿ ಎಮ್ಮೆಲಿನ್ ಮತ್ತು ಫೆಲ್ಡ್‌ಬರ್ಗ್ ತೋರಿಸಿದ್ದರು. ಕಡಜದ ವಿಷದಲ್ಲಿ ಸಿರೊಟೋನಿನ್ ಇದೆ ಅಂತ 1954ರಲ್ಲಿ ಗೊತ್ತಾಯಿತು. ಅಂದರೆ ಕಡಜ ಚುಚ್ಚಿದಾಗ ನಮಗೆ ನೋವು ಆಗಲು ಗಾಯವೇ ಬೇಕಿಲ್ಲ. ಸರಿಯಾದ ಮೆಸೇಜು ನರದ ತುದಿಗೆ ಸಿಕ್ಕರೆ ಸಾಕು. ನರ ಗಾಯವನ್ನು ನೋಡುವುದಿಲ್ಲ. ತನ್ನ ಮೇಲೆ ಬಿದ್ದ ರಸಾಯನಿಕವನ್ನು ಓದುತ್ತದೆ, ಓದಿದ್ದನ್ನು ಒಳಗೆ ಕಳಿಸುತ್ತದೆ.

"ಗಾಯ ಒಣಗೈತಲ್ಲ, ಇನ್ನೇನ್ ಉರೀತೈತಿ" ಅಂತ ನಾನು ಅವ್ವನಿಗೆ ಹೇಳಿದ್ದೆನಲ್ಲ, ಆ ವಾಕ್ಯ ತಪ್ಪು ಅಂತ ವಿಜ್ಞಾನಕ್ಕೆ ಎಪ್ಪತ್ತು ವರ್ಷದಿಂದ ಗೊತ್ತಿದೆ. ಸರ್ಪಸುತ್ತಿನ ವಿಷಯದಲ್ಲಂತೂ ಅದಕ್ಕೂ ಮೊದಲೇ ಸುಳಿವಿತ್ತು. ಬೆನ್ನುಹುರಿಯ ಪಕ್ಕದ ಗಂಟು ಅಂದೆನಲ್ಲ, ಸರ್ಪಸುತ್ತಿನಲ್ಲಿ ಹಾಳಾಗುವುದು ಅದೇ ಅಂತ 1900ರಲ್ಲೇ ಹೆನ್ರಿ ಹೆಡ್ ಮತ್ತು ಕ್ಯಾಂಪ್‌ಬೆಲ್ ಬರೆದಿದ್ದರು. ಚಿಕ್ಕಂದಿನಲ್ಲಿ ನಮಗೆ ಆಗುವ ಚಿಕನ್‌ಪಾಕ್ಸ್, ಊರಿನವರು 'ಅಮ್ಮ' ಅನ್ನುತ್ತಾರಲ್ಲ, ಅದರ ವೈರಸ್ ಪೂರ್ತಿ ಹೋಗದೆ ಆ ಗಂಟಿನಲ್ಲಿ ಅಡಗಿ ಕೂರುತ್ತೆ, ವಯಸ್ಸಾದ ಮೇಲೆ ಮತ್ತೆ ಏಳುತ್ತೆ ಅನ್ನುವ ವಾದವನ್ನು 1965ರಲ್ಲಿ ಹೋಪ್-ಸಿಂಪ್ಸನ್ ಅನ್ನುವ ಸಣ್ಣ ಊರಿನ ಸಾಮಾನ್ಯ ವೈದ್ಯರೊಬ್ಬರು ಮಂಡಿಸಿದರು. ಒಂದು ಗಂಟಿನ ನರಗಳು ಹೋಗುವುದು ಮೈಯ ಒಂದು ಪಟ್ಟಿಗೆ. ಅದಕ್ಕೇ ಗುಳ್ಳೆಗಳೂ ಪಟ್ಟಿಯಾಗಿ ಏಳುತ್ತವೆ, ಸಾಮಾನ್ಯವಾಗಿ ನಡುಗೆರೆ ದಾಟುವುದಿಲ್ಲ. ಹೆಡೆ ಬಾಲ ಕೂಡದೇ ಇರುವುದಕ್ಕೆ ಕಾರಣ ಇದು. ಚರ್ಮ ಮಾಗಿತು. ಆದರೆ ಗಂಟಿನಲ್ಲಿದ್ದ ಕೋಶಗಳಿಗೆ ಪೆಟ್ಟು ಬಿದ್ದಿತ್ತು. ಪೆಟ್ಟು ತಿಂದ ನರ ಯಾರೂ ಮುಟ್ಟದಿದ್ದರೂ ಸುಳ್ಳು ಅಲಾರ್ಮ್ ಹೊಡೆಯುತ್ತದೆ. ಅದನ್ನು ಕೇಳಿ ಕೇಳಿ ಬೆನ್ನುಹುರಿಯೂ ಸೆರಗಿನ ಸ್ಪರ್ಶವನ್ನೇ ಬೆಂಕಿ ಅಂತ ಓದತೊಡಗುತ್ತದೆ.

* * *

ಇನ್ನು ಮೆಣಸಿನಕಾಯಿ.

ಅದು ನಮ್ಮದಲ್ಲ. ಅಮೆರಿಕ ಖಂಡದ ಗಿಡ, ಪೋರ್ಚುಗೀಸರ ಜೊತೆ ಹದಿನಾರನೇ ಶತಮಾನದಲ್ಲಿ ಇಲ್ಲಿಗೆ ಬಂತು. ನಮ್ಮ ಹತ್ತಿರ ಇದ್ದದ್ದು ಕಾಳುಮೆಣಸು. ಹೊಸ ಕಾಯಿ ಕಚ್ಚಿದವರಿಗೆ ಅದೇ ನೆನಪಾಗಿ ಮೆಣಸಿನಕಾಯಿ ಅಂದರು.

ಅದರ ಖಾರದ ಮೂಲವಸ್ತುವಿಗೆ 1876ರಲ್ಲಿ ಇಂಗ್ಲೆಂಡಿನ ಜಾನ್ ಥ್ರೆಶ್ ಕ್ಯಾಪ್ಸೈಸಿನ್ ಅಂತ ಹೆಸರಿಟ್ಟ. ಎರಡು ವರ್ಷದ ನಂತರ ಹಂಗೇರಿಯ ಎಂಡ್ರೆ ಹೋಗ್ಯೆಶ್, ಮೆಣಸಿನಕಾಯಿಯ ಸಾರ ಕೆಲಸ ಮಾಡುವುದು ಸಂವೇದನಾ ನರಗಳ ಮೇಲೆ ಅಂದ. ಹಂಗೇರಿಯವರಿಗೆ ಕೆಂಪು ಮೆಣಸಿನಪುಡಿ ಅಂದರೆ ನಮ್ಮಷ್ಟೇ ಪ್ರೀತಿ. 1940ರ ದಶಕದಲ್ಲಿ ಅದೇ ದೇಶದ ಸೆಗೆದ್ ಊರಿನ ಮಿಕ್ಲೋಶ್ ಯಾಂಚೋ ಒಂದು ಅಚ್ಚರಿ ಕಂಡ. ಪ್ರಾಣಿಗಳಿಗೆ ಕ್ಯಾಪ್ಸೈಸಿನ್ ಮತ್ತೆ ಮತ್ತೆ ಕೊಟ್ಟರೆ ಮೊದಲು ವಿಪರೀತ ಉರಿ, ಆಮೇಲೆ ಉರಿಯೇ ಇಲ್ಲ. ಮೆಣಸಿಗಷ್ಟೇ ಅಲ್ಲ, ಕಣ್ಣಿಗೆ ಬೇರೆ ಖಾರದ ರಸಾಯನಿಕ ಹಾಕಿದರೂ ಉಜ್ಜಿಕೊಳ್ಳುತ್ತಿರಲಿಲ್ಲ. ಆದರೆ ಮುಟ್ಟಿದರೆ ಗೊತ್ತಾಗುತ್ತಿತ್ತು, ಚುಚ್ಚಿದರೆ ಹಿಂದೆ ಸರಿಯುತ್ತಿದ್ದವು. ರಸಾಯನಿಕವನ್ನು ಓದುವ ನರಗಳ ಗುಂಪು ಮಾತ್ರ ಬಾಯಿ ಮುಚ್ಚಿಕೊಂಡಿತ್ತು.

ಯಾಂಚೋನ ಈ ಕೆಲಸ ಹೊರಗಿನವರ ಕಣ್ಣಿಗೆ ಬೀಳಲು ತುಂಬಾ ತಡವಾಯಿತು. 1966ರಲ್ಲಿ ಅವನು ತೀರಿಕೊಂಡ. ಮರುವರ್ಷ ಹೆಂಡತಿ ಔರೇಲಿಯಾ ಮತ್ತು ಶಿಷ್ಯ ಯಾನೋಶ್ ಸೋಲ್ಚಾನಿ ಅವನ ಹೆಸರನ್ನೇ ಮೊದಲಿಗಿಟ್ಟು ಒಂದು ಇಂಗ್ಲಿಷ್ ಪ್ರಬಂಧ ಪ್ರಕಟಿಸಿದರು. ಉರಿಯೂತವನ್ನು ಸಂವೇದನಾ ನರವೇ ಎಬ್ಬಿಸಬಲ್ಲದು, ಕ್ಯಾಪ್ಸೈಸಿನ್ ಅದನ್ನು ತಡೆಯಬಲ್ಲದು ಅನ್ನೋದು ಅದರ ಸಾರ. 1901ರ ಬೇಲಿಸ್‌ನ ನಾಯಿ ನೆನಪಾಯಿತಾ? 1978ರಲ್ಲಿ ಜೆಸೆಲ್, ಐವರ್ಸನ್, ಕ್ವೆಯೋ ಎರಡೂ ಕಥೆಗಳನ್ನು ಕೂಡಿಸಿದರು. ಕ್ಯಾಪ್ಸೈಸಿನ್ ಕೊಟ್ಟ ಇಲಿಗಳ ಸಂವೇದನಾ ನರಗಳಲ್ಲಿ ಸಬ್‌ಸ್ಟೆನ್ಸ್ ಪಿ ದಾಸ್ತಾನು ಖಾಲಿಯಾಗಿತ್ತು.

ಹಾಗಾದರೆ ಕ್ಯಾಪ್ಸೈಸಿನ್ ನರದ ಯಾವ ಬಾಗಿಲು ತಟ್ಟುತ್ತದೆ? ಇದು ಗೊತ್ತಾಗಿದ್ದು 1997ರಲ್ಲಿ, ಸ್ಯಾನ್ ಫ್ರಾನ್ಸಿಸ್ಕೋದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ. ಡೇವಿಡ್ ಜೂಲಿಯಸ್ ಲ್ಯಾಬಿನಲ್ಲಿ ಮೈಕೆಲ್ ಕ್ಯಾಟರೀನಾ ಮಾಡಿದ ಕೆಲಸ ನಮ್ಮಂಥವರಿಗೆ ತಕ್ಷಣ ಅರ್ಥವಾಗುತ್ತೆ. ಇಲಿಯ ಆ ಬೆನ್ನುಹುರಿ ಗಂಟಿನಲ್ಲಿ ಬಳಕೆಯಲ್ಲಿರುವ ಜೀನುಗಳ ಪ್ರತಿಗಳನ್ನೆಲ್ಲಾ ತೆಗೆದರು. ಸಾವಿರಾರು ಪ್ರತಿಗಳ ಒಂದೊಂದು ಗುಂಪು ಮಾಡಿ, ಖಾರ ಅಂದರೇನು ಅಂತ ಗೊತ್ತಿಲ್ಲದ ಮೂತ್ರಪಿಂಡದ ಕೋಶಗಳಿಗೆ ಸೇರಿಸಿದರು. ಮೇಲೆ ಕ್ಯಾಪ್ಸೈಸಿನ್ ಹಾಕಿದರು. ಕ್ಯಾಲ್ಸಿಯಂ ಒಳಗೆ ನುಗ್ಗಿದರೆ ಗೊತ್ತಾಗುವ ಹಾಗೆ ಬಣ್ಣ ಹಾಕಿದ್ದರು. ಒಂದು ಗುಂಪು ಉತ್ತರ ಕೊಟ್ಟಿತು. ಆ ಗುಂಪನ್ನು ಒಡೆದು ಮತ್ತೆ ಪರೀಕ್ಷೆ, ಅದನ್ನು ಒಡೆದು ಮತ್ತೆ, ಒಂದೇ ಒಂದು ಜೀನ್ ಉಳಿಯುವವರೆಗೆ. ಯಾವ ಕಮಿಟ್ ಬಿಲ್ಡ್ ಮುರಿಯಿತು ಅಂತ ಗಿಟ್‌ನಲ್ಲಿ ಬೈಸೆಕ್ಟ್ ಮಾಡುತ್ತೇವಲ್ಲ, ಹೆಚ್ಚುಕಡಿಮೆ ಅದೇ.

ಸಿಕ್ಕಿದ್ದು ಈಗ ಟಿಆರ್‌ಪಿವಿ1 ಅಂತ ಕರೆಯುವ ಪ್ರೋಟೀನು. ನರದ ಪೊರೆಯಲ್ಲಿರುವ ಬಾಗಿಲು. ಕ್ಯಾಪ್ಸೈಸಿನ್ ತಾಗಿದರೆ ತೆರೆಯುತ್ತದೆ. ಸೋಡಿಯಂ, ಕ್ಯಾಲ್ಸಿಯಂ ಒಳಗೆ ನುಗ್ಗುತ್ತವೆ. ನರ ಸುದ್ದಿ ಕಳಿಸುತ್ತದೆ. ಆದರೆ ಅದೇ ಬಾಗಿಲು ಬಿಸಿಗೂ ತೆರೆಯಿತು. ಸುಮಾರು 43 ಡಿಗ್ರಿ ಸೆಲ್ಸಿಯಸ್ ದಾಟಿದರೆ ಸಾಕು, ಮೆಣಸೇ ಬೇಡ. ಖಾರ ಮತ್ತು ಬೆಂಕಿ, ಎರಡೂ ನರಕ್ಕೆ ಒಂದೇ. ಬ್ರಾಡಿಕೈನಿನ್ ಸೇರಿದರೆ ಆ ಮಿತಿ ಇನ್ನೂ ಕೆಳಗೆ ಬರುತ್ತದೆ ಅಂತ ಆಮೇಲೆ ಗೊತ್ತಾಯಿತು. ಊದಿಕೊಂಡ ಜಾಗಕ್ಕೆ ಉಗುರುಬೆಚ್ಚಗಿನ ನೀರೂ ಸುಡುವುದು ಅದಕ್ಕೆ. ಕಾಳುಮೆಣಸಿನ ಪೈಪರಿನ್ ಕೂಡ ಇದೇ ಬಾಗಿಲು ತೆರೆಯುತ್ತದೆ, ಅಂದರೆ ಮೆಣಸಿನಕಾಯಿಗೆ ಹೆಸರಿಟ್ಟ ನಮ್ಮ ಹಿರಿಯರ ನಾಲಿಗೆ ಸರಿಯಾಗೇ ಇತ್ತು. ಜೂಲಿಯಸ್‌ಗೆ 2021ರಲ್ಲಿ ಆರ್ಡೆಮ್ ಪಟಪೂಟಿಯನ್ ಜೊತೆ ನೊಬೆಲ್ ಬಂತು.

ಕನ್ನಡದಲ್ಲಿ ಬೆಂಕಿ ಉರಿಯುತ್ತೆ, ಬಾಯಿ ಉರಿಯುತ್ತೆ, ಗಾಯ ಉರಿಯುತ್ತೆ. ಮೂರಕ್ಕೂ ಒಂದೇ ಕ್ರಿಯಾಪದ. ನಮ್ಮವ್ವ ಫೋನಿನಲ್ಲಿ "ಮೆಣಸಿನಪುಡಿ ಸವರಿದಂಗ" ಅಂದಾಗ ಉಪಮೆ ಹೇಳುತ್ತಿದ್ದಾಳೆ ಅಂದುಕೊಂಡೆ. ಅವಳು ಕರಾರುವಾಕ್ಕಾದ ಬಗ್ ರಿಪೋರ್ಟ್ ಕೊಟ್ಟಿದ್ದಳು.

* * *

ಇಷ್ಟೆಲ್ಲಾ ಗೊತ್ತಾದ ಮೇಲೆ ನೋವು ಮುಗಿಯಬೇಕಿತ್ತು ಅಲ್ವಾ? ಔಷಧ ಕಂಪನಿಗಳೂ ಹಾಗೇ ಅಂದುಕೊಂಡವು. ಸಬ್‌ಸ್ಟೆನ್ಸ್ ಪಿ ಕೂರುವ ಜಾಗವನ್ನು ಮುಚ್ಚುವ ಔಷಧಗಳು 1990ರ ದಶಕದಲ್ಲಿ ಬಂದವು. ಪ್ರಾಣಿಗಳಲ್ಲಿ ಚೆನ್ನಾಗಿ ಕೆಲಸ ಮಾಡಿದವು. ಮನುಷ್ಯರ ಮೇಲೆ ಪ್ರಯೋಗಿಸಿದರೆ ನೋವು ಹಾಗೇ ಇತ್ತು. ಮೈಗ್ರೇನ್, ಸರ್ಪಸುತ್ತಿನ ನಂತರದ ನೋವು, ಎರಡರಲ್ಲೂ ಸೋಲು. ಕಾರಣ ಈಗ ಸ್ವಲ್ಪ ಗೊತ್ತು: ಬೆನ್ನುಹುರಿಯಲ್ಲಿ ತುರ್ತು ಸುದ್ದಿ ಮುಟ್ಟಿಸುವ ಮುಖ್ಯ ಟಪಾಲು ಗ್ಲುಟಮೇಟ್, ಪಿ ಅದರ ದನಿ ಏರಿಸುವ ಜೊತೆಗಾರ. ಒಬ್ಬನನ್ನು ತಡೆದರೆ ಸುದ್ದಿ ನಿಲ್ಲುವುದಿಲ್ಲ. ಟಿಆರ್‌ಪಿವಿ1 ಬಾಗಿಲನ್ನೇ ಮುಚ್ಚುವ ಔಷಧಗಳೂ ಬಂದವು. ಕೆಲವರಿಗೆ ಮೈ ಬಿಸಿ ಏರಿತು, ಕೆಲವರಿಗೆ ಸುಡುವ ನೀರೂ ಸುಡುವುದು ಗೊತ್ತಾಗಲಿಲ್ಲ. ಆ ಬಾಗಿಲು ಬಗ್ ಅಲ್ಲ, ನಮ್ಮನ್ನು ಕಾಯುವ ಫೀಚರ್.

ಆದರೆ ಪಿ ತಡೆಯುವ ಔಷಧ ವ್ಯರ್ಥವಾಗಲಿಲ್ಲ. ಅದು ವಾಂತಿ ನಿಲ್ಲಿಸುತ್ತದೆ ಅನ್ನೋದು ಗೊತ್ತಾಗಿ, 2003ರಲ್ಲಿ ಅಪ್ರೆಪಿಟಂಟ್ ಅನ್ನುವ ಮಾತ್ರೆಗೆ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ಕೀಮೋಥೆರಪಿಯ ವಾಂತಿಗೆ ಇವತ್ತಿಗೂ ಅದನ್ನು ಕೊಡುತ್ತಾರೆ. ನೋವಿಗೆ ಅಂತ ಹೊರಟ ಔಷಧ ಕ್ಯಾನ್ಸರ್ ರೋಗಿಗಳಿಗೆ ಎರಡು ತುತ್ತು ಉಣ್ಣುವ ಹಾಗೆ ಮಾಡಿತು.

ನರದ ನೋವಿಗೆ ಕೆಲಸ ಮಾಡಿದ್ದರಲ್ಲಿ ಒಂದು, ಯಾಂಚೋನ ಹಳೆಯ ದಾರಿ. ಬಾಗಿಲನ್ನು ಮುಚ್ಚುವುದಲ್ಲ, ಬೇಕಂತಲೇ ತೆರೆದು ತೆರೆದು ಸುಸ್ತು ಮಾಡುವುದು. ಮೇಲಿಂದ ಮೇಲೆ ಕ್ಯಾಪ್ಸೈಸಿನ್ ಬಿದ್ದರೆ ಚರ್ಮದಲ್ಲಿರುವ ನರದ ತುದಿಗಳು ಕೆಲಸ ನಿಲ್ಲಿಸಿ ಹಿಂದೆ ಸರಿಯುತ್ತವೆ. ಕಾಲ ಕಳೆದಂತೆ ಮತ್ತೆ ಬೆಳೆಯುತ್ತವೆ. ಶೇಕಡಾ 8ರ ಕ್ಯಾಪ್ಸೈಸಿನ್ ಪಟ್ಟಿಗೆ 2009ರಲ್ಲಿ ಯೂರೋಪ್, ಅಮೆರಿಕ ಎರಡೂ ಕಡೆ ಅನುಮತಿ ಸಿಕ್ಕಿತು. ಅವ್ವನಿಗೆ ಕೊಟ್ಟದ್ದು ಅದಕ್ಕಿಂತ ಎಷ್ಟೋ ಪಟ್ಟು ಕಡಿಮೆ ಖಾರದ ಮುಲಾಮು. ಎಲ್ಲರಿಗೂ ಹತ್ತುವುದಿಲ್ಲ, ಪೂರ್ತಿ ಗುಣವೂ ಮಾಡುವುದಿಲ್ಲ. ನೀವಾಗೇ ಅಂಗಡಿಯಲ್ಲಿ ಕೊಂಡು ಹಚ್ಚಬೇಡಿ, ಡಾಕ್ಟರನ್ನು ಕೇಳಿ.

ಮೊದಲ ವಾರ ಅವ್ವ ಬೈದಳು. ಉರಿ ಜಾಸ್ತಿಯಾಗಿತ್ತು. "ಹಚ್ಚಿದ ಮ್ಯಾಲೆ ಕಣ್ಣ ಮುಟ್ಕೋಬ್ಯಾಡ ಬೇ" ಅಂದರೆ, "ಅದನ್ನ ನೀ ನನಗ ಹೇಳಿಕೊಡತೀಯೇನು?" ಅಂದಳು. ತಿಂಗಳಾದ ಮೇಲೆ ಎಷ್ಟು ಕಡಿಮೆ ಆಗಿದೆ ಅಂತ ಕೇಳಿದೆ. ಸ್ವಲ್ಪ ಯೋಚಿಸಿ, "ರೂಪಾಯ್ದಾಗ ಆರಾಣೆ ಕಡಿಮಿ ಆಗೈತಿ" ಅಂದಳು. ಕೀಲ್ ಮತ್ತು ಆರ್ಮ್‌ಸ್ಟ್ರಾಂಗ್‌ಗೆ ಇದಕ್ಕಿಂತ ಒಳ್ಳೆಯ ಅಳತೆ ಸಿಕ್ಕಿರಲಿಕ್ಕಿಲ್ಲ.

"ಅವತ್ತ ಫೋನಿನ್ಯಾಗ ಹೇಳಿದ ಮ್ಯಾಲೆ ಮತ್ಯಾಕ ಹೇಳಲಿಲ್ಲ?" ಅಂತ ಒಮ್ಮೆ ಧೈರ್ಯ ಮಾಡಿ ಕೇಳಿದೆ.

"ಹೇಳಿದ್ರ ನೀ ನಂಬವಲ್ಲಿ. ಸುಮ್ನ ನಿನಗೂ ಯಾಕ ತ್ರಾಸು ಅಂತ."

ನನ್ನ ಹತ್ತಿರ ಉತ್ತರ ಇರಲಿಲ್ಲ. ನೋವಿಗೆ ಇವತ್ತಿಗೂ ರಕ್ತ ಪರೀಕ್ಷೆ ಇಲ್ಲ, ಸ್ಕ್ಯಾನ್ ಇಲ್ಲ. ನೂರು ವರ್ಷದ ಈ ಎಲ್ಲಾ ಪ್ರಯೋಗಗಳ ಕೊನೆಯಲ್ಲೂ ಒಬ್ಬ ಮನುಷ್ಯನ ನೋವು ಎಷ್ಟು ಅಂತ ತಿಳಿಯಲು ಇರುವ ದಾರಿ ಅವರನ್ನು ಕೇಳುವುದು, ಕೇಳಿದ ಮೇಲೆ ನಂಬುವುದು.

ಈಗ ಪ್ರತಿ ರಾತ್ರಿ ಫೋನಿನಲ್ಲಿ ಊಟ ಆಯ್ತಾ ಅಂತ ಕೇಳುವ ಮೊದಲು ಕೇಳುತ್ತೇನೆ: "ಇವತ್ತ ಎಷ್ಟಾಣೆ ಐತಿ ಬೇ?" ನಿನ್ನೆ ಐದಾಣೆ ಅಂದಳು. ಮಳೆ ಬಂದಿತ್ತಂತೆ, ತಂಪಿಗೆ ಹಿತ ಅನ್ನಿಸಿತಂತೆ. ಟಿಕೆಟ್ ಇನ್ನೂ ತೆರೆದೇ ಇದೆ.